ಆಫೀಸಲ್ಲಿ ಐಎಸ್‌ಒ ಫ್ರೇಮು, ಬೀದಿಲಿ ಕುಸಿದ ಪೇವರ್ಸು: ಇದು ಹೆಂಗೆ ಸಾಧ್ಯ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಒಂದು ಕೆಲಸಕ್ಕೆ ಅಂತ ಅಲೆದಾಡ್ತಿರೋ ಸರ್ಕಾರಿ ಆಫೀಸಿನ ಹಾಲಲ್ಲಿ 'ಐಎಸ್‌ಒ 9001:2015 ಪ್ರಮಾಣೀಕೃತ ಕಚೇರಿ' ಅಂತ ದೊಡ್ಡ ಫ್ರೇಮ್ ಹಾಕಿದ್ದಾರೆ. ಅದೇ ಆಫೀಸಲ್ಲಿ ನನ್ನ ಅರ್ಜಿ ತಿಂಗಳುಗಟ್ಟಲೆ ಕೂತಿದೆ. ನಮ್ಮ ಬೀದಿಗೆ ಹಾಕಿದ ಪೇವರ್ಸ್ ಒಂದೇ ಮಳೆಗಾಲಕ್ಕೆ ಕುಸಿದಿವೆ, ನಲ್ಲಿಲಿ ಒಂದೊಂದಿನ ಹಳದಿ ನೀರು. ಈ ಸರ್ಟಿಫಿಕೇಟ್ ನಕಲೀನಾ? ಐಎಸ್‌ಒದವರಿಗೆ ಕಂಪ್ಲೇಂಟ್ ಕೊಡಬಹುದಾ? ಇನ್ನೊಂದು, ನಮ್ಮ ಬಡಾವಣೆ ಸಂಘಕ್ಕೂ ಕೆಲವೇ ಸಾವಿರಕ್ಕೆ ಐಎಸ್‌ಒ ಮಾಡಿಸಿಕೊಡ್ತೀನಿ ಅಂತ ಒಬ್ರು ಬಂದಿದ್ದಾರೆ, ಮಾಡಿಸ್ಬಹುದಾ?

ಉತ್ತರ: ಸರ್, ನಕಲಿ ಇರಬಹುದು, ಅಸಲಿನೂ ಇರಬಹುದು, ಆದ್ರೆ ಅಸಲಿ ಆಗಿದ್ರೂ ನಿಮ್ಮ ಬೀದಿ ಪೇವರ್‌ಗೂ ನಲ್ಲಿ ನೀರಿಗೂ ಆ ಫ್ರೇಮಿಗೂ ನೇರ ಸಂಬಂಧ ಇಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಜನ ಐಎಸ್‌ಒ ಅಂದ ತಕ್ಷಣ 'ಒಳ್ಳೆ ಮಾಲು' ಅಂದ್ಕೋತಾರೆ, ಆಫೀಸಿನವರೂ ಹಂಗೇ ಅಂದ್ಕೊಳ್ಳಲಿ ಅಂತಾನೇ ಹಾಕಿರ್ತಾರೆ. 9001 ಅನ್ನೋದು ಮಾಲಿನ ಸ್ಟ್ಯಾಂಡರ್ಡ್ ಅಲ್ವೇ ಅಲ್ಲ, ಕೆಲಸ ಮಾಡೋ ಪದ್ಧತಿಯದು. ನಾವು ಮಾಡೋ ಕೆಲಸ ಏನು, ಅದಕ್ಕೆ ಗುರಿ ಏನು, ತಪ್ಪಾದ್ರೆ ಹೆಂಗೆ ಹಿಡಿತೀವಿ, ಮತ್ತೆ ಆಗದಂಗೆ ಏನ್ ಮಾಡ್ತೀವಿ, ಇಷ್ಟನ್ನ ಬರೆದಿಟ್ಕೊಂಡು, ಬರೆದಂಗೆ ನಡ್ಕೊಂಡು, ನಡ್ಕೊಂಡಿದ್ದಕ್ಕೆ ದಾಖಲೆ ಇಟ್ಕೊಂಡಿದೀರಾ ಅಂತ ಹೊರಗಿನವರು ಬಂದು ನೋಡಿ ಕೊಡೋ ಕಾಗದ ಅದು. ನಮ್ಮ ಎಪಿಎಂಸಿಲಿ ದಲಾಲರ ಅಂಗಡಿ ಗೋಡೆ ಮೇಲೆ ಲೈಸೆನ್ಸ್ ಇರುತ್ತಲ್ಲ, ಅದು ಅಂಗಡಿಗೆ ವ್ಯಾಪಾರ ಮಾಡೋ ಅನುಮತಿ ಇದೆ ಅಂತ ಹೇಳುತ್ತೆ, ನಿಮ್ಮ ಮೆಕ್ಕೆಜೋಳದಲ್ಲಿ ಮಾಯಿಶ್ಚರ್ ಎಷ್ಟಿದೆ ಅಂತ ಹೇಳಬೇಕಾಗಿದ್ದು ಮೀಟರ್ರು. ನಿಮ್ಮ ಪೇವರ್‌ಗೆ, ನೀರಿಗೆ, ಅರ್ಜಿಗೆ ಒಂದೊಂದಕ್ಕೂ ಬೇರೆಬೇರೆ ಮೀಟರ್ ಇವೆ, ಅದರ ಬಗ್ಗೆ ಆಮೇಲೆ ಬರ್ತೀನಿ, ಮೊದಲು ಫ್ರೇಮ್ ಮುಗಿಸಿಬಿಡೋಣ.

ಐಎಸ್‌ಒ, ಅಂದ್ರೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ, ಇರೋದು ಜಿನೀವಾದಲ್ಲಿ, 1947ರಿಂದ ಕೆಲಸ ಮಾಡ್ತಿದೆ, ದೇಶಗಳ ಮಾನಕ ಸಂಸ್ಥೆಗಳೇ ಅದರ ಸದಸ್ಯರು, ನಮ್ಮ ಕಡೆಯಿಂದ ಬಿಐಎಸ್. ಅವರು ಸ್ಟ್ಯಾಂಡರ್ಡ್ ಬರೀತಾರೆ ಅಷ್ಟೇ, ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ, ಅವರ ಲೋಗೋನ ಸರ್ಟಿಫಿಕೇಟ್ ಮೇಲೆ ಹಾಕೋದಕ್ಕೂ ಒಪ್ಪಲ್ಲ. ಹಂಗಾಗಿ ಫ್ರೇಮಲ್ಲಿ ಜಿನೀವಾದವರ ಲೋಗೋ ದೊಡ್ಡದಾಗಿ ಮಿಂಚ್ತಿದ್ರೆ ಅಲ್ಲೇ ಅನುಮಾನ ಪಡ್ರಿ. ಸರ್ಟಿಫಿಕೇಟ್ ಕೊಡೋದು ಬೇರೆ ಸರ್ಟಿಫಿಕೇಷನ್ ಸಂಸ್ಥೆಗಳು, ಹೆಚ್ಚಿನವು ಖಾಸಗಿ. ಆ ಸಂಸ್ಥೆಗಳು ಸರಿಯಾಗಿ ಆಡಿಟ್ ಮಾಡ್ತಿವೆಯಾ ಅಂತ ನೋಡೋಕೆ ಮೇಲೊಂದು ಮಾನ್ಯತಾ ಸಂಸ್ಥೆ ಇರುತ್ತೆ, ಭಾರತದಲ್ಲಿ ಅದು ಎನ್‌ಎಬಿಸಿಬಿ, 1997ರಲ್ಲಿ ಶುರುವಾದ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಒಂದು ಮಂಡಳಿ. ವಿದೇಶದ ಮಾನ್ಯತಾ ಸಂಸ್ಥೆಗಳೂ ಇವೆ, ಅವುಗಳ ಮಾರ್ಕ್ ಇದ್ರೂ ನಡೆಯುತ್ತೆ. ಯಾವ ಮಾನ್ಯತಾ ಮಾರ್ಕೂ ಇಲ್ದೆ ಬರೀ ಚಿನ್ನದ ಬಣ್ಣದ ಸೀಲು, ಗ್ಲೋಬಿನ ಚಿತ್ರ ಇದ್ರೆ ಅದು ಯಾರೋ ಪ್ರಿಂಟ್ ಹೊಡೆದು ಕೊಟ್ಟಿದ್ದು ಅಂತ ಲೆಕ್ಕ, ಕಾನೂನಿನ ಪ್ರಕಾರ ಅಪರಾಧನೋ ಅಲ್ವೋ ಅದು ಬೇರೆ ಮಾತು, ಬೆಲೆ ಮಾತ್ರ ಇಲ್ಲ.

ಮುಂದಿನ ಸಲ ಹೋದಾಗ ಆ ಫ್ರೇಮ್ ಹತ್ರ ನಿಂತು ಒಂದು ಫೋಟೋ ತಗೊಂಡು ಬನ್ನಿ, ಮನೇಲಿ ಝೂಮ್ ಮಾಡಿ ಓದ್ರಿ. ಮೇಲೆ ಸಂಸ್ಥೆ ಹೆಸರು ವಿಳಾಸ ಇರುತ್ತೆ, ವಿಳಾಸ ಅದೇ ಆಫೀಸಿಂದಾ ಇಲ್ಲ ಬೆಂಗಳೂರಿನ ಕೇಂದ್ರ ಕಚೇರಿದಾ ನೋಡ್ರಿ. ಸ್ಟ್ಯಾಂಡರ್ಡ್ ನಂಬರ್ ಜೊತೆ ವರ್ಷ ಇರಬೇಕು, 2008 ಅಂತ ಇದ್ರೆ ಆ ಆವೃತ್ತಿ ರದ್ದಾಗಿ ಎಷ್ಟೋ ಕಾಲ ಆಯ್ತು. ಕೊಟ್ಟ ದಿನಾಂಕ, ಮುಗಿಯೋ ದಿನಾಂಕ ಇರುತ್ತೆ, ಮಾಮೂಲಿ 3 ವರ್ಷ. ಆ 3 ವರ್ಷದಲ್ಲಿ ಮೊದಲೆರಡು ವರ್ಷ ವರ್ಷಕ್ಕೊಂದು ಸರ್ವೇಲೆನ್ಸ್ ಆಡಿಟ್ (ನಡುವೆ ಬಂದು ನೋಡೋ ತಪಾಸಣೆ) ಆಗ್ಬೇಕು, ಆಗದಿದ್ರೆ ಸರ್ಟಿಫಿಕೇಟ್ ಸಸ್ಪೆಂಡ್ ಆಗುತ್ತೆ, ಆದ್ರೆ ಗೋಡೆ ಮೇಲಿರೋ ಫ್ರೇಮಿಗೆ ಅದು ಗೊತ್ತಾಗಲ್ವಲ್ಲ, ಅದು ಅಲ್ಲೇ ಇರುತ್ತೆ. ಅವಧಿ ಮುಗಿದಿರೋ ಫ್ರೇಮುಗಳನ್ನ ನಾನು ನೋಡಿದಷ್ಟು ಇನ್ಯಾವುದನ್ನೂ ನೋಡಿಲ್ಲ ಅನ್ನಬಹುದು. ಸರ್ಟಿಫಿಕೇಟ್ ನಂಬರ್ ಸಿಕ್ರೆ ಐಎಎಫ್ ಸರ್ಟ್‌ಸರ್ಚ್ ಅನ್ನೋ ವೆಬ್‌ಸೈಟಲ್ಲಿ ಹಾಕಿ ನೋಡ್ರಿ, ಅಲ್ಲಿ ಸಿಗದಿದ್ರೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೇ ಮೇಲ್ ಹಾಕಿ ಇದು ಚಾಲ್ತಿಲಿ ಇದೆಯಾ ಅಂತ ಕೇಳ್ರಿ, ಹೇಳೋದು ಅವರ ಜವಾಬ್ದಾರಿ.

ಇದೆಲ್ಲಕ್ಕಿಂತ ಮುಖ್ಯ ಆದದ್ದು ಸ್ಕೋಪ್, ಅಂದ್ರೆ ಸರ್ಟಿಫಿಕೇಟ್ ಯಾವ ಕೆಲಸಕ್ಕೆ ಅಂತ ಹೇಳೋ ಒಂದೆರಡು ಸಾಲು, ಸಣ್ಣ ಅಕ್ಷರದಲ್ಲಿ ಮಧ್ಯ ಎಲ್ಲೋ ಇರುತ್ತೆ, ಯಾರೂ ಓದಲ್ಲ. 'ಸಾರ್ವಜನಿಕರಿಂದ ಅರ್ಜಿ ಸ್ವೀಕಾರ ಮತ್ತು ಟಪಾಲು ನಿರ್ವಹಣೆ' ಅಂತ ಸ್ಕೋಪ್ ಇದ್ರೆ ಅರ್ಜಿ ತಗೊಳ್ಳೋದಕ್ಕೆ ಮಾತ್ರ ಸರ್ಟಿಫಿಕೇಟ್ ಇದೆ, ಅದನ್ನ ವಿಲೇವಾರಿ ಮಾಡೋದಕ್ಕೆ ಇಲ್ಲ. ಆಫೀಸಿನ ಒಂದು ಟೇಬಲ್‌ಗೆ ಮಾತ್ರ ಸರ್ಟಿಫಿಕೇಟ್ ತಗೊಂಡು ಬಾಗಿಲ ಮೇಲೆ ಇಡೀ ಕಚೇರಿಗೆ ಅನ್ನೋ ಹಂಗೆ ಬೋರ್ಡ್ ಹಾಕೋದು ಈ ಧಂದೆಲಿ ಹಳೇ ಚಾಳಿ. ಇಂಜಿನಿಯರಿಂಗ್ ಶಾಖೆ ಆ ಸ್ಕೋಪಲ್ಲಿ ಇಲ್ದಿದ್ರೆ ನಿಮ್ಮ ಪೇವರ್ ಬಗ್ಗೆ ಆಡಿಟರ್ ಒಂದು ಪ್ರಶ್ನೆನೂ ಕೇಳಿರಲ್ಲ, ಕೇಳೋಕೆ ಅವರಿಗೆ ದಾರಿನೂ ಇಲ್ಲ.

ಹಂಗಂತ 9001 ಬರೀ ನಾಟಕ ಅಂತ ನಾನು ಹೇಳಲ್ಲ, ಅದರ ಆಡಿಟ್ ಮಾಡಿಯೇ ಊಟ ಮಾಡೋನು ಅಂತ ಹೇಳ್ತಿರೋದಲ್ಲ, ನೆಟ್ಟಗೆ ಆಡಿಟ್ ಮಾಡಿದ್ರೆ ಅದು ಆಫೀಸಿನ ಹೊಟ್ಟೆ ಒಳಗಿರೋದನ್ನ ಹೊರಗೆ ತೆಗೆಯುತ್ತೆ. ಒಂದು ಕಡೆ, ಊರಿನ ಹೆಸರು ಬೇಡ, ಆಡಿಟ್‌ಗೆ ಕೂತಾಗ ದೂರಿನ ರಿಜಿಸ್ಟರ್ ತರಿಸಿದೆ. ಎಡಗಡೆ ಕಾಲಮ್ಮಲ್ಲಿ ಜನರ ದೂರುಗಳು, ನೂರೆಂಟು ತರದ ಕೈಬರಹ, ಒಬ್ರದು ಹಸಿರು ಇಂಕು, ಒಬ್ರು ಸಿಟ್ಟಲ್ಲಿ ಒತ್ತಿ ಬರೆದು ಹಾಳೆನೇ ತೂತಾಗಿತ್ತು. ಬಲಗಡೆ ಕಾಲಮ್ಮಲ್ಲಿ 'ಕ್ರಮ ಕೈಗೊಳ್ಳಲಾಗಿದೆ', ಪುಟದಿಂದ ಪುಟಕ್ಕೆ ಒಂದೇ ಕೈ, ಒಂದೇ ನೀಲಿ ಪೆನ್ನು, ಅಕ್ಷರ ವಾಲಿರೋ ರೀತಿ ಕೂಡ ಒಂದೇ. ಒಂದೇ ಕೂತಲ್ಲಿ ಬರೆದಿದ್ದು ಅಂತ ಗೊತ್ತಾಗೋಕೆ ಆಡಿಟರೇ ಆಗ್ಬೇಕಿಲ್ಲ. ಅದರಲ್ಲಿ ಒಂದು ದೂರು ತೆಗೆದು, ಇವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕ್ರಿ ಅಂದೆ. ಆ ಕಡೆಯಿಂದ ಅಮ್ಮ ಒಬ್ರು, 'ಎಲ್ಲಿ ಮಾಡಿದ್ರಿ ಸ್ವಾಮಿ, ಚರಂಡಿ ಹಂಗೇ ಐತಿ' ಅಂದ್ರು. ಸಾಹೇಬ್ರು ಫ್ಯಾನ್ ಕಡೆ ನೋಡ್ತಾ ಕೂತ್ರು.

ಅಂಥ ಕಡೆ 9001ರ 10.2ನೇ ಕಲಂ ಕೆಲಸಕ್ಕೆ ಬರುತ್ತೆ. ಅದು ಕೇಳೋದು ತಪ್ಪು ಸರಿ ಮಾಡಿದ್ರಾ ಅಂತ ಮಾತ್ರ ಅಲ್ಲ, ಯಾಕಾಯ್ತು ಅಂತ ಮೂಲ ಹುಡುಕಿದ್ರಾ, ಬೇರೆ ಕಡೆನೂ ಇದೇ ಆಗ್ತಿದೆಯಾ ನೋಡಿದ್ರಾ, ಮಾಡಿದ ರಿಪೇರಿ ನಿಜವಾಗ್ಲೂ ಫಲ ಕೊಡ್ತಾ ಅಂತ. ಒಂದೇ ಬೀದಿದೀಪಕ್ಕೆ ಮೇಲಿಂದ ಮೇಲೆ ದೂರು ಬಂದಿದ್ರೆ, ಪ್ರತಿ ಸಲ ಬಲ್ಬ್ ಬದಲಿಸಿ ದೂರು ಮುಚ್ಚಿದ್ದು ಈ ಲೆಕ್ಕದಲ್ಲಿ ಪಾಸಾಗಲ್ಲ, ಕೇಬಲ್ಲೋ ಟೈಮರ್ರೋ ಏನು ಕೆಟ್ಟಿದೆ ಅಂತ ಹುಡುಕಿರಬೇಕು. ಇದರ ಜೊತೆ 9.2 ಅಂತ ಒಳ ಆಡಿಟ್, 9.3 ಅಂತ ಮೇಲಧಿಕಾರಿಗಳು ಕೂತು ಇದನ್ನೆಲ್ಲ ವಿಮರ್ಶೆ ಮಾಡೋ ಸಭೆ. ಇವಕ್ಕೆಲ್ಲ ದಾಖಲೆ ಇರಲೇಬೇಕು, ಇಲ್ಲಾಂದ್ರೆ ಸರ್ಟಿಫಿಕೇಟೇ ನಿಲ್ಲಲ್ಲ. ನಿಮಗೆ ಉಪಯೋಗ ಆಗೋದೂ ಇದೇ. ಸರ್ಟಿಫಿಕೇಟ್ ಇರೋ ಸರ್ಕಾರಿ ಕಚೇರಿಲಿ ಆ ದಾಖಲೆಗಳು ಇವೆ ಅಂತ ಅವರೇ ಗೋಡೆ ಮೇಲೆ ಬರೆದು ಹಾಕಿದಂಗಾಯ್ತು, ಮಾಹಿತಿ ಹಕ್ಕಲ್ಲಿ ಕೇಳಿದ್ರೆ 'ಅಂಥ ಕಡತ ನಮ್ಮಲ್ಲಿ ಇಲ್ಲ' ಅನ್ನೋಕೆ ಬಾಯಿ ಬರಲ್ಲ. ಫ್ರೇಮ್ ನೋಡಿ ಸಿಟ್ಟು ಮಾಡ್ಕೊಳ್ಳೋ ಬದಲು ಫ್ರೇಮನ್ನೇ ಹಿಡ್ಕೊಂಡು ಕೇಳ್ರಿ, ಕೊನೆ ಆಡಿಟ್ ರಿಪೋರ್ಟ್ ಪ್ರತಿ ಕೊಡಿ, ಸ್ಕೋಪ್ ಏನು ಹೇಳಿ, ಕಳೆದ ವರ್ಷದ ದೂರುಗಳ ವಿಶ್ಲೇಷಣೆ ಕೊಡಿ ಅಂತ.

ಐಎಸ್‌ಒಗೆ ಕಂಪ್ಲೇಂಟ್ ಕೊಡಬಹುದಾ ಅಂದ್ರಲ್ಲ, ಜಿನೀವಾಕ್ಕೆ ಬರೆದು ಪ್ರಯೋಜನ ಇಲ್ಲ. ಮೊದಲು ಆ ಆಫೀಸಿಗೇ ಬರವಣಿಗೆಯಲ್ಲಿ ದೂರು, ಉತ್ತರ ಬರಲಿಲ್ಲ ಅಂದ್ರೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ, ಅವರೂ ಕದಲಲಿಲ್ಲ ಅಂದ್ರೆ ಅವರಿಗೆ ಮಾನ್ಯತೆ ಕೊಟ್ಟವರಿಗೆ. ಸರ್ಟಿಫಿಕೇಷನ್ ಸಂಸ್ಥೆಗಳು ಪಾಲಿಸಬೇಕಾದ 17021 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಗ್ರಾಹಕರ ದೂರು ಸ್ವೀಕರಿಸೋ ವ್ಯವಸ್ಥೆ ಅವರಲ್ಲಿ ಇರಲೇಬೇಕು. ದೂರಿನಲ್ಲಿ 'ಇವರು ಕೆಟ್ಟವರು' ಅಂತ ಬರೆದ್ರೆ ಏನೂ ಆಗಲ್ಲ, 'ಇಂಥ ದಿನ ಇಂಥ ದೂರು ಕೊಟ್ಟೆ, ಇದು ಸ್ವೀಕೃತಿ, ಇಷ್ಟು ದಿನ ಆದ್ರೂ ಉತ್ತರ ಇಲ್ಲ' ಅಂತ ಬರೆದ್ರೆ ಮುಂದಿನ ಆಡಿಟ್‌ಗೆ ಬರೋ ಆಡಿಟರ್ ಕೈಲಿ ಆ ಕಾಗದ ಇರುತ್ತೆ.

ಈಗ ನಿಮ್ಮ ಪೇವರ್. ಇದರ ಮೀಟರ್ ಐಎಸ್ 15658 ಅನ್ನೋ ಬಿಐಎಸ್ ಸ್ಟ್ಯಾಂಡರ್ಡು, ಕಾಂಕ್ರೀಟ್ ಪೇವಿಂಗ್ ಬ್ಲಾಕ್‌ಗೆ ಅಂತಾನೇ ಇರೋದು. ಇಲ್ಲಿ ಐಎಸ್ ಅಂದ್ರೆ ಇಂಡಿಯನ್ ಸ್ಟ್ಯಾಂಡರ್ಡ್, ಐಎಸ್‌ಒ ಅಲ್ಲ, ಎರಡನ್ನೂ ಕಲಸಬೇಡ್ರಿ. 2006ರಲ್ಲಿ ಬಂದ ಆವೃತ್ತಿಯ (2021ರಲ್ಲಿ ಪರಿಷ್ಕರಣೆ ಆಗಿದೆ) ಕೋಷ್ಟಕದ ಪ್ರಕಾರ ಗಾಡಿ ಓಡಾಡದ ಜಾಗಕ್ಕೆ ಎಂ-30 ಗ್ರೇಡು (ಎಂ ಪಕ್ಕದ ಅಂಕಿ ಕಾಂಕ್ರೀಟಿನ ಬಲ) 50 ಮಿ.ಮೀ. ದಪ್ಪ, ಹಗುರ ಗಾಡಿಗಳ ಜಾಗಕ್ಕೆ ಎಂ-35 60 ಮಿ.ಮೀ., ಮಧ್ಯಮ ಸಂಚಾರಕ್ಕೆ ಎಂ-40 80 ಮಿ.ಮೀ. ನಿಮ್ಮ ಬೀದಿಗೆ ನೀರಿನ ಟ್ಯಾಂಕರು, ಕಸದ ಗಾಡಿ, ಮನೆ ಕಟ್ಟೋರ ಜಲ್ಲಿ ಲಾರಿ ಬರುತ್ತೆ ಅಂದ್ರೆ ಫುಟ್‌ಪಾತಿಗೆ ಹಾಕೋ ತೆಳು ಬ್ಲಾಕು ಅಲ್ಲಿ ಏನು ಮಾಡಿದ್ರೂ ನಿಲ್ಲಲ್ಲ.

ಆದ್ರೆ ನನ್ನ ಅನುಭವದಲ್ಲಿ ಬ್ಲಾಕ್ ಕೆಟ್ಟಿರೋದಕ್ಕಿಂತ ಬ್ಲಾಕಿನ ಕೆಳಗಿಂದು ಕೆಟ್ಟಿರೋದೇ ಜಾಸ್ತಿ, ಅದಕ್ಕೇ ಕಂಪ್ಲೇಂಟ್ ಬರೆಯೋಕೆ ಮುಂಚೆ ಕುಸಿದಿರೋ ಆಕಾರ ನೋಡ್ರಿ, ಅದೇ ಅರ್ಧ ಕಥೆ ಹೇಳುತ್ತೆ. ಬೀದಿ ಉದ್ದಕ್ಕೂ ನೇರವಾಗಿ ಒಂದು ಪಟ್ಟಿ ತರ ಇಳಿದಿದ್ರೆ ಅದರ ಕೆಳಗೆ ಯುಜಿಡಿ (ಒಳಚರಂಡಿ) ಪೈಪೋ ನೀರಿನ ಪೈಪೋ ಹಾಕಿದ ಟ್ರೆಂಚ್ ಇದೆ, ಮುಚ್ಚೋವಾಗ ಪದರ ಪದರವಾಗಿ ದಮ್ಮಸ್ಸು ಮಾಡದೆ ಜೆಸಿಬಿಲಿ ಎಳೆದು ಹಾಕಿದ್ದಾರೆ ಅಂತ. ಗಾಡಿ ಚಕ್ರ ಹೋಗೋ ಎರಡು ಸಾಲು ಮಾತ್ರ ಇಳಿದಿದ್ರೆ ತಳದ ಮೆಟ್ಲಿಂಗ್ (ಜಲ್ಲಿ) ಪದರ ತೆಳು ಆಗಿದೆ ಅಥವಾ ರೋಲರ್ ಸರಿ ಆಡಿಲ್ಲ. ಅಂಚಿನ ಬ್ಲಾಕುಗಳು ಚರಂಡಿ ಕಡೆ ಜಾರಿ ಮಧ್ಯದಲ್ಲಿ ಸಂದಿ ಬಿಟ್ಟಿದ್ರೆ ಕರ್ಬ್ ಕಲ್ಲು ಹಾಕಿಲ್ಲ ಅಥವಾ ಹಾಕಿದ್ದು ಗಟ್ಟಿ ಇಲ್ಲ. ಅಲ್ಲೊಂದು ಇಲ್ಲೊಂದು ಬ್ಲಾಕು ಮೂಲೆ ಪುಡಿಯಾಗಿ ಒಡೆದಿದ್ರೆ ಆಗ ಬ್ಲಾಕಿನ ಮೇಲೇ ಅನುಮಾನ ಪಡ್ರಿ.

ನಮ್ಮ ಕಡೆ ಇನ್ನೊಂದು ಪೀಡೆ ಎರೆ ಮಣ್ಣು. ದಾವಣಗೆರೆ ಸುತ್ತಮುತ್ತ ಎಷ್ಟೋ ಬಡಾವಣೆ ಎರೆ ಹೊಲದ ಮೇಲೇ ಎದ್ದಿರೋದು, ಮಳೆ ಬಿದ್ರೆ ಉಬ್ಬುತ್ತೆ, ಬೇಸಿಗೆಲಿ ಕೈ ತೂರೋವಷ್ಟು ಬಿರುಕು ಬಿಡುತ್ತೆ. ಅದನ್ನ ಬಗೆದು ತೆಗೆದು ಗ್ರಾವೆಲ್ ತುಂಬದೆ ಮೇಲೆ ಎಷ್ಟೇ ಒಳ್ಳೆ ಪೇವರ್ ಹಾಕಿದ್ರೂ ಅಲೆ ಅಲೆಯಾಗಿ ಏಳುತ್ತೆ. ಇಲ್ಲೇ ಹುಟ್ಟಿ ಬೆಳೆದ ಕಂಟ್ರಾಕ್ಟರಿಗೆ ಇದು ಗೊತ್ತಿಲ್ದೇ ಏನಿಲ್ಲ, ಎಸ್ಟಿಮೇಟಲ್ಲಿ ಆ ಐಟಂ ಇತ್ತಾ, ಇದ್ದು ಬಿಲ್ ಆಗಿ ಕೆಲಸ ಆಗಿಲ್ವಾ ಅನ್ನೋದೇ ನೋಡಬೇಕಾಗಿದ್ದು.

ಸಡಿಲ ಆಗಿರೋ ಒಂದು ಬ್ಲಾಕನ್ನ ಎತ್ತಿ ನೋಡ್ರಿ, ಕೂತಿರೋ ಒಳ್ಳೆ ಬ್ಲಾಕ್ ಕೀಳಬೇಡ್ರಿ ಮತ್ತೆ, ನೀವೇ ಹಾಳು ಮಾಡಿದ್ರಿ ಅಂತಾರೆ. ಟೇಪ್ ಹಿಡಿದು ದಪ್ಪ ಅಳೀರಿ. ಕೆಳಗಿನ ಮರಳಿನ ಹಾಸು ನೋಡ್ರಿ, ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ ಎಸ್‌ಪಿ 63 ಅನ್ನೋ ಮಾರ್ಗಸೂಚಿಲಿ ಅದು 20ರಿಂದ 40 ಮಿ.ಮೀ. ಇರಬೇಕು ಅಂತ ಇದೆ. ಬೆರಳು ಪೂರಾ ಒಳಗೆ ಹೋದ್ರೂ ಮರಳೇ ಸಿಗ್ತಿದೆ ಅಂದ್ರೆ ತಳ ಸಮ ಮಾಡದೆ ಏರುಪೇರನ್ನ ಮರಳಲ್ಲಿ ಮುಚ್ಚಿದ್ದಾರೆ, ಮೊದಲ ಮಳೆಗೆ ಮರಳು ಹರಿದುಹೋಗಿ ಬ್ಲಾಕು ಕೂರುತ್ತೆ, ನಿಮ್ಮ ಬೀದಿಲಿ ಆಗಿರೋದು ಬಹುಶಃ ಇದೇ. ಮರಳಿನ ಬದಲು ಕಲ್ಲುಪುಡಿನೋ ಮಣ್ಣೋ ಇದ್ರೆ ಫೋಟೋ ತೆಗೀರಿ, ಅಳತೆ ಟೇಪು ಫ್ರೇಮಲ್ಲಿ ಕಾಣೋ ಹಂಗೆ.

ಆಮೇಲೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಲಿ ಒಂದೇ ವಿಷಯ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹಂಗಾಗಿ ಪುರಾಣ ಬರೀದೆ ಇಂಥ ಬೀದಿಯ ಪೇವರ್ ಕಾಮಗಾರಿ ಅಂತ ಬರೆದು ಎಸ್ಟಿಮೇಟ್, ವರ್ಕ್ ಆರ್ಡರ್, ಎಂಬಿ (ಆದ ಕೆಲಸದ ಅಳತೆ ಬರೆಯೋ) ಪುಸ್ತಕದ ಪುಟಗಳು, ಬ್ಲಾಕಿನ ಟೆಸ್ಟ್ ರಿಪೋರ್ಟ್, ಥರ್ಡ್ ಪಾರ್ಟಿ ತಪಾಸಣೆ ಆಗಿದ್ರೆ ಅದರ ವರದಿ, ಕೆಲಸ ಮುಗಿದ ದಿನಾಂಕ ಮತ್ತೆ ದೋಷ ಹೊಣೆಗಾರಿಕೆ ಅವಧಿ ಎಷ್ಟು, ಇಷ್ಟು ಕೇಳ್ರಿ. ಕೊನೇದು ಬಹಳ ಮುಖ್ಯ, ಡಿಎಲ್‌ಪಿ ಅಂತಾರಲ್ಲ ಅದೇ, ಆ ಅವಧಿ ಮುಗಿಯೋದ್ರೊಳಗೆ ಕೆಟ್ಟಿದ್ದನ್ನ ಕಂಟ್ರಾಕ್ಟರ್ ತನ್ನ ಖರ್ಚಲ್ಲೇ ಸರಿ ಮಾಡಬೇಕು, ಅವರ ಠೇವಣಿ ಇಲಾಖೆ ಕೈಲೇ ಇರುತ್ತೆ. ಅವಧಿ ಮುಗಿಯೋವರೆಗೂ ಬಾಯಲ್ಲಿ ದೂರು ಹೇಳ್ತಾ ಕೂತು, ಠೇವಣಿ ವಾಪಸ್ ಹೋದ ಮೇಲೆ ಬರವಣಿಗೆಲಿ ಕೊಡೋರೇ ಜಾಸ್ತಿ ಜನ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಲ್ಲಿ ಕಾಮಗಾರಿ ಪರಿಶೀಲನೆ ಮಾಡೋ ಹಕ್ಕೂ ಇದೆ, ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ತಗೊಳ್ಳೋ ಹಕ್ಕೂ ಇದೆ. 2005ರಿಂದ ಇರೋ ಹಕ್ಕು, ಬಳಸೋರು ಬೆರಳೆಣಿಕೆ.

ಟೆಸ್ಟ್ ರಿಪೋರ್ಟ್ ಬಂದ್ರೆ ಲ್ಯಾಬಿನ ಹೆಸರಿನ ಪಕ್ಕ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡೋ ಮಂಡಳಿ) ಮಾರ್ಕ್ ಇದೆಯಾ, ಸ್ಯಾಂಪಲ್ ಯಾವ ಕಾಮಗಾರಿದು ಅಂತ ಬರೆದಿದೆಯಾ, ದಿನಾಂಕ ಕೆಲಸ ಶುರುವಾಗೋಕೆ ಮುಂಚೇದಾ ಇಲ್ಲ ಬಿಲ್ ಪಾಸಾಗೋ ಹಿಂದಿನ ದಿನದ್ದಾ ನೋಡ್ರಿ. ಒಂದೇ ರಿಪೋರ್ಟ್‌ನ ಝೆರಾಕ್ಸ್ ಹತ್ತು ಬೀದಿ ಫೈಲಲ್ಲಿ ಇರೋದನ್ನೂ ನೋಡಿದ್ದೀನಿ. ಸಿಮೆಂಟ್ ರಸ್ತೆಗೆ ಆದ್ರೆ ಕ್ಯೂಬ್ ಟೆಸ್ಟ್ ಕೇಳ್ರಿ, 150 ಮಿ.ಮೀ. ಕ್ಯೂಬು, 28 ದಿನದ ಬಲ. ಕ್ಯೂರಿಂಗ್‌ಗೆ ಐಎಸ್ 456 ಪ್ರಕಾರ ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ತರದ ಮಿಶ್ರ ಸಿಮೆಂಟಿಗೆ 10 ದಿನ ನೀರು ಬೇಕು, ಇದಕ್ಕೆ ಲ್ಯಾಬ್ ಬೇಡ, ಬೀದಿಲಿ ಪಾತಿ ಕಟ್ಟಿ ನೀರು ನಿಲ್ಲಿಸಿದ್ರಾ, ಗೋಣಿಚೀಲ ಹಾಕಿದ್ರಾ ಅಂತ ಬಾಗಿಲಲ್ಲಿ ನಿಂತೇ ನೋಡಬಹುದು.

ನೀರಿಗೆ ಬರೋಣ. ಅದರ ಸ್ಟ್ಯಾಂಡರ್ಡ್ ಐಎಸ್ 10500, 2012ರ ಆವೃತ್ತಿ. ನಗರದ ನಲ್ಲಿ ನೀರಿಗೆ ಇದು ಕಡ್ಡಾಯ ಲೈಸೆನ್ಸ್ ಅಲ್ಲ, ಆದ್ರೂ ಎಲ್ಲರೂ ಅಳೆಯೋದು ಇದರಲ್ಲೇ. ಕಲಕು 1 ಎನ್‌ಟಿಯು (ಕಲಕು ಅಳೆಯೋ ಮಾನ), ಬೇರೆ ಮೂಲ ಇಲ್ದಿದ್ರೆ 5ರವರೆಗೆ. ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣ, ಲೀಟರಿಗೆ 500 ಮಿ.ಗ್ರಾಂ, ಗರಿಷ್ಠ 2000. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ, ಗರಿಷ್ಠ 1.5, ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿಗೆ ಎಷ್ಟೋ ಕಡೆ ಸಮಸ್ಯೆ ಇರೋದು ಈ ಕೊನೇದ್ರಲ್ಲೇ. ಇ-ಕೋಲೈ ಬ್ಯಾಕ್ಟೀರಿಯಾ ಅಂತೂ 100 ಮಿ.ಲೀ.ನಲ್ಲಿ ಒಂದೂ ಸಿಗಬಾರದು.

ನಿಮ್ಮ ಮನೆ ಹಳದಿ ನೀರು ಒಂದೊಂದಿನ ಮಾತ್ರ, ಅದೂ ನೀರು ಬಿಟ್ಟ ಮೊದಲ ಹತ್ತು ಹದಿನೈದು ನಿಮಿಷ ಬಂದು ಆಮೇಲೆ ತಿಳಿ ಆಗ್ತಿದ್ರೆ ಹಳೇ ಕಬ್ಬಿಣದ ಪೈಪಿನ ತುಕ್ಕು, ಅಥವಾ ಲೈನಲ್ಲಿ ಕೂತ ರಾಡಿ. ಪೂರಾ ಹೊತ್ತು ಹಳದಿ ಇದ್ದು ವಾಸನೆ ಇದ್ರೆ ಕುಡಿಬೇಡ್ರಿ, ಎಲ್ಲೋ ಚರಂಡಿ ನೀರು ಸೇರ್ತಿರಬಹುದು, ಅದೇ ದಿನ ಫೋನ್ ಮಾಡ್ರಿ. ಬಿಟ್ಟು ಬಿಟ್ಟು ನೀರು ಕೊಡೋ ಊರಲ್ಲಿ ಇದು ಇದ್ದಿದ್ದೇ, ನೀರು ನಿಂತಾಗ ಖಾಲಿ ಪೈಪು ಅಕ್ಕಪಕ್ಕದ ಕೊಳಕನ್ನ ಬಿರುಕಿಂದ ಒಳಗೆ ಎಳ್ಕೊಳ್ಳುತ್ತೆ. ದಾವಣಗೆರೆಲಿ ಜಲಸಿರಿ ಅಂತ 24 ಗಂಟೆ ನೀರಿನ ಯೋಜನೆ ಬಂದಿದ್ದನ್ನ ಜನ ಬರೀ ಅನುಕೂಲದ ಲೆಕ್ಕದಲ್ಲಿ ನೋಡ್ತಾರೆ, ಪೈಪಲ್ಲಿ ಸದಾ ಒತ್ತಡ ಇರೋದು ನೀರಿನ ಶುದ್ಧತೆಗೂ ಬೇಕು.

ಮನೇಲೇ ಮಾಡಬಹುದಾದ ಒಂದು ಪರೀಕ್ಷೆ ಕ್ಲೋರಿನ್ ನೋಡೋದು. ನೀರು ಬಿಡೋರ ಹತ್ರ ಓಟಿ ಅಂತ ಒಂದು ಸಣ್ಣ ಬಾಟ್ಲಿ ದ್ರಾವಣ ಇರುತ್ತೆ, ನಲ್ಲಿಯಿಂದ ನೇರವಾಗಿ ಹಿಡಿದ ನೀರಿಗೆ ಕೆಲವು ಹನಿ ಹಾಕಿದ್ರೆ ಹಳದಿ ಬಣ್ಣ ಬರಬೇಕು, ಜೊತೆಗಿರೋ ಬಣ್ಣದ ಪಟ್ಟಿಗೆ ಹೋಲಿಸಿ ಎಷ್ಟು ಅಂತ ಓದ್ತಾರೆ. ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ಬಣ್ಣ ಬರಲೇ ಇಲ್ಲ ಅಂದ್ರೆ ನೀರು ಎಷ್ಟೇ ತಿಳಿಯಾಗಿ ಕಂಡ್ರೂ ರಕ್ಷಣೆ ಇಲ್ಲ. ಸಂಪಿನ ನೀರಲ್ಲಿ ಮಾಡಿ ಜಗಳ ತೆಗೀಬೇಡ್ರಿ, ಸಂಪಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ. ಈ ಹನಿ ಬೆರೆಸಿದ ನೀರು ಕುಡಿಯೋ ಹಂಗಿಲ್ಲ, ಚೆಲ್ಲಿಬಿಡ್ರಿ.

ತಿಂಗಳುಗಟ್ಟಲೆ ಕೂತಿರೋ ಅರ್ಜಿಗೆ ಬೇಕಾದ ಮೀಟರ್ ಸಕಾಲ, ಸರ್ಕಾರಿ ಸೇವೆನ ಗೊತ್ತಾದ ದಿನದೊಳಗೆ ಕೊಡಬೇಕು ಅನ್ನೋ ರಾಜ್ಯದ ವ್ಯವಸ್ಥೆ. ಸಾರ್ವಜನಿಕ ಸೇವೆಗೆ ಅಂತಾನೇ ಬಿಐಎಸ್ 2005ರಲ್ಲಿ ಐಎಸ್ 15700 ತಂದಿದೆ, ಕೇಂದ್ರದ ಸೇವೋತ್ತಮ್ ಮಾದರಿಲಿ ನಾಗರಿಕ ಸನ್ನದು, ದೂರು ಪರಿಹಾರ, ಸೇವೆ ಕೊಡೋ ಸಾಮರ್ಥ್ಯ ಅಂತ ಮೂರು ಭಾಗ ಮಾಡಿದ್ದಾರೆ, ಚೆನ್ನಾಗಿದೆ, ಆದ್ರೆ ಅದನ್ನ ಹಿಡ್ಕೊಂಡು ಕೌಂಟರ್‌ನಲ್ಲಿ ಜಗಳ ಆಡೋಕೆ ಆಗಲ್ಲ. ಸಕಾಲ ಕಾನೂನು. 2012ರ ಮಾರ್ಚಲ್ಲಿ ನಾಲ್ಕು ತಾಲ್ಲೂಕಲ್ಲಿ ಪ್ರಯೋಗ ಮಾಡಿ ಏಪ್ರಿಲ್ 2ಕ್ಕೆ ರಾಜ್ಯಕ್ಕೆಲ್ಲ ತಂದ್ರು, ಆ ನಾಲ್ಕರಲ್ಲಿ ಒಂದು ನಮ್ಮ ಪಕ್ಕದ ಚಿತ್ರದುರ್ಗ, ಉಳಿದವು ಧಾರವಾಡ, ಪುತ್ತೂರು, ಔರಾದ್. ತಡ ಆದ್ರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ನೋಡಿ ನಗಬೇಡ್ರಿ, ಅಧಿಕಾರಿ ಹೆಸರಲ್ಲಿ ತಡ ಅಂತ ದಾಖಲಾಗೋದು ಅವರಿಗೆ ಆ ದುಡ್ಡಿಗಿಂತ ಚುಚ್ಚುತ್ತೆ.

ಇಲ್ಲಿ ಒಂದು ಮಾತು ಕೇಳ್ತೀನಿ, ನಿಮ್ಮ ಅರ್ಜಿಗೆ ಜಿಎಸ್‌ಸಿ ನಂಬರ್, ಅಂದ್ರೆ ಸಕಾಲದ ಅರ್ಜಿ ಸಂಖ್ಯೆ, ಇದೆಯಾ? 15 ಅಂಕಿದು, ಸ್ವೀಕೃತಿ ಚೀಟಿ ಮೇಲೆ ಇರುತ್ತೆ. ಅದು ಇಲ್ದೆ ಅರ್ಜಿನ ಕೇಸ್ ವರ್ಕರ್ ಟೇಬಲ್ ಮೇಲೆ ಇಟ್ಟು 'ನೋಡ್ಕೊಳ್ಳಿ ಸರ್' ಅಂತ ಬಂದಿದ್ರೆ ಸಕಾಲದ ಗಡಿಯಾರ ಶುರುನೇ ಆಗಿಲ್ಲ, ಕಾಗದದ ಮೇಲೆ ನಿಮ್ಮ ಅರ್ಜಿ ಹುಟ್ಟೇ ಇಲ್ಲ, ಆಫೀಸಿನ ಅಂಕಿ ಅಂಶದಲ್ಲಿ ಎಲ್ಲಾ ಅರ್ಜಿ ಸಮಯಕ್ಕೆ ವಿಲೇ ಅಂತಾನೇ ಬರುತ್ತೆ, ಐಎಸ್‌ಒ ಆಡಿಟರ್‌ಗೂ ಅದೇ ಅಂಕಿ ಕಾಣಿಸೋದು. ಇವತ್ತೇ ಹೋಗಿ ಆ ಸೇವೆ ಸಕಾಲದ ಪಟ್ಟಿಲಿ ಇದೆಯಾ ಕೇಳಿ, ಇದ್ರೆ ನಂಬರ್ ಹಾಕಿಸ್ಕೊಂಡು ಬನ್ನಿ. ನಂಬರ್ ಇದ್ದು ಅವಧಿ ಮೀರಿದ್ರೆ ಸಕ್ಷಮ ಅಧಿಕಾರಿಗೆ, ಆಮೇಲೆ ಮೇಲ್ಮನವಿ ಪ್ರಾಧಿಕಾರಕ್ಕೆ. ಸಕಾಲದಲ್ಲಿ ಬರದ ಕುಂದುಕೊರತೆಗೆ 1902 ಸಹಾಯವಾಣಿ ಇದೆ.

ದಾವಣಗೆರೆ ಸ್ಮಾರ್ಟ್ ಸಿಟಿ ಅಲ್ವಾ, ಅದಕ್ಕೆ ಗುಣಮಟ್ಟದ ಮುದ್ರೆ ಇಲ್ವಾ ಅಂತ ಇನ್ನೂ ಕೆಲವರು ಕೇಳ್ತಿರ್ತಾರೆ. ಸ್ಮಾರ್ಟ್ ಸಿಟಿ ಅನ್ನೋದು ದರ್ಜೆ ಅಲ್ಲ, ಯೋಜನೆ, ಸ್ಪರ್ಧೆಲಿ ಪ್ರಸ್ತಾವನೆ ಗೆದ್ದು 2016ರ ಜನವರಿಯ ಮೊದಲ 20 ನಗರಗಳ ಪಟ್ಟಿಗೆ ಬೆಳಗಾವಿ ಜೊತೆ ದಾವಣಗೆರೆ ಬಂತು, ದುಡ್ಡು ಬಂತು, ಅಷ್ಟೇ. ನಗರಗಳನ್ನ ಅಳೆಯೋಕೆ ಐಎಸ್‌ಒ 37120 ಅಂತ 2014ರಿಂದ ಇದೆ, ಅದೂ ಅಂಕಿ ಲೆಕ್ಕ ಒಂದೇ ರೀತಿ ಇಡೋದಕ್ಕೆ, ನಗರ ಚೆನ್ನಾಗಿದೆ ಅಂತ ಹೇಳೋದಕ್ಕಲ್ಲ. ನನ್ನ ಕೇಳಿದ್ರೆ ಇವೆಲ್ಲದಕ್ಕಿಂತ ಉಪಯೋಗದ್ದು ಕೇಂದ್ರ 2008ರಲ್ಲಿ ತಂದ ಸೇವಾ ಮಟ್ಟದ ಮಾನದಂಡಗಳು, ನೀರು, ಒಳಚರಂಡಿ, ಕಸ, ಮಳೆನೀರು ಚರಂಡಿ ಸೇರಿ 28 ಸೂಚ್ಯಂಕ. ತಲೆಗೆ ದಿನಕ್ಕೆ 135 ಲೀಟರ್ ನೀರು, 24 ಗಂಟೆ ಪೂರೈಕೆ, ಸೋರಿಕೆ ಕಳವು ಸೇರಿ ಲೆಕ್ಕಕ್ಕೆ ಸಿಗದ ನೀರು 20 ಶೇಕಡಾ ಮೀರಬಾರದು, ಹಿಂಗೆ. ವಾರ್ಡ್ ಸಭೆಲಿ ಎದ್ದು ನಿಂತು 'ನಮ್ಮ ವಾರ್ಡಿಗೆ ಇದರಲ್ಲಿ ಎಷ್ಟು' ಅಂತ ಕೇಳೋಕೆ ಬರೋ ಅಂಕಿಗಳು. ಸ್ವಚ್ಛ ಸರ್ವೇಕ್ಷಣದ ರ‍್ಯಾಂಕ್ ಬಗ್ಗೆ ಪೇಪರಲ್ಲಿ ಅಷ್ಟು ಗಲಾಟೆ ಆಗುತ್ತೆ, ಇವುಗಳ ಬಗ್ಗೆ ಒಂದು ಸಾಲು ಬರಲ್ಲ.

ಕೊನೇದು ನಿಮ್ಮ ಸಂಘದ ಐಎಸ್‌ಒ. ಬೇಡ ಸರ್. ಬಂದಿರೋರು ಬಹುಶಃ ಸಂಘದ ನೋಂದಣಿ ಪ್ರತಿ ವಾಟ್ಸಾಪ್ ಮಾಡ್ರಿ, ವಾರದಲ್ಲಿ ಸರ್ಟಿಫಿಕೇಟ್ ಕಳಿಸ್ತೀನಿ ಅಂದಿರ್ತಾರೆ. ನಿಜವಾದ ಸರ್ಟಿಫಿಕೇಷನ್ನಲ್ಲಿ ಎರಡು ಹಂತದ ಆಡಿಟ್ ಆಗುತ್ತೆ, ಪದ್ಧತಿ ಕಟ್ಟಿಕೊಡೋ ಕನ್ಸಲ್ಟೆಂಟೇ ಸರ್ಟಿಫಿಕೇಟೂ ಕೊಡೋ ಹಂಗಿಲ್ಲ, ಎರಡೂ ನಾವೇ ಮಾಡ್ತೀವಿ ಅಂದವರನ್ನ ಬಾಗಿಲಲ್ಲೇ ಕೈ ಮುಗಿದು ಕಳಿಸ್ರಿ. ಆ ದುಡ್ಡಲ್ಲಿ ಬೀದಿಯ ನೀರನ್ನ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಲ್ಲಿ ಒಂದ್ಸಲ ಪೂರ್ತಿ ಪರೀಕ್ಷೆ ಮಾಡಿಸ್ರಿ, ಮಾನ್ಯತೆ ನೀರಿನ ಪರೀಕ್ಷೆಗೇ ಇದೆಯಾ ಅಂತ ಅಲ್ಲೂ ಸ್ಕೋಪ್ ಕೇಳ್ರಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಬಿಸ್ಲೇರಿ ಬಾಟ್ಲಿಲಿ ತಗೊಂಡು ಹೋಗಬೇಡ್ರಿ, ಸ್ಟೆರೈಲ್ ಬಾಟ್ಲಿ ಲ್ಯಾಬಿನವರೇ ಕೊಡ್ತಾರೆ, ಅದರೊಳಗೆ ಕ್ಲೋರಿನ್ ತಡೆಯೋ ಪುಡಿ ಹಾಕಿರ್ತಾರೆ, ತೊಳೀಬೇಡ್ರಿ, ನಲ್ಲಿ ಒಂದೆರಡು ನಿಮಿಷ ಹರಿಯೋಕೆ ಬಿಟ್ಟು ತುಂಬಿ ಐಸ್ ಡಬ್ಬಿಲಿ ಇಟ್ಟು ಅದೇ ದಿನ ಮುಟ್ಟಿಸ್ರಿ.